ಎಲ್ಲರೂ ‘ಬೇಕು’ ಅಂತಾರೆ, ಯಾರೂ ಕೊಳ್ಳಲ್ಲ: ಬ್ರಹ್ಮಪುರದ ಅಂಗಡಿಯಿಂದ ಒಂದು ಪ್ರಶ್ನೆ

ಪ್ರಶ್ನೆ: ಸರ್, ಕಲಬುರಗಿಯ ಬ್ರಹ್ಮಪುರದಲ್ಲಿ ಹತ್ತು ತಿಂಗಳ ಹಿಂದೆ ಸಣ್ಣ ಅಂಗಡಿ ಹಾಕಿದ್ದೇನೆ. ಬಟ್ಟೆ ಚೀಲ, ಮುತ್ತುಗದ ಎಲೆಯ ಪತ್ರಾವಳಿ, ಅಂಟುವಾಳ ಕಾಯಿಯ ಪುಡಿ, ಬಿದಿರಿನ ಬ್ರಷ್, ಸಾವಯವ ತೊಗರಿ ಬೇಳೆ ಮಾರುತ್ತೇನೆ. ಅಂಗಡಿ ಹಾಕುವ ಮೊದಲು ಓಣಿಯವರನ್ನು, ಮಗಳ ಕಾಲೇಜಿನವರನ್ನು ಕೇಳಿದ್ದೆ. ‘ಪರಿಸರಕ್ಕೆ ಒಳ್ಳೇದಾದರೆ ಸ್ವಲ್ಪ ಜಾಸ್ತಿ ರೊಕ್ಕ ಕೊಟ್ಟು ತಗೋತೀರಾ?’ ಹೆಚ್ಚುಕಡಿಮೆ ಎಲ್ಲರೂ ಹೂಂ ಅಂದರು. ಈಗ ಬಂದವರೆಲ್ಲ ಒಂದೊಂದೇ ಎತ್ತಿ ನೋಡಿ, ‘ಭಾಳ ಚಲೋ ಕೆಲಸ ಮಾಡ್ಲಿಕತ್ತೀರ್ರಿ’ ಎಂದು ಹೊಗಳಿ ಬರಿಗೈಲಿ ಹೋಗುತ್ತಾರೆ. ನಮ್ಮ ಜನಕ್ಕೆ ಕಾಳಜಿ ಇಲ್ವಾ? ಬೆಲೆ ಇಳಿಸಲಾ? ಅಂಗಡಿ ಮುಚ್ಚಲಾ? ಅಂಗಡಿಯ, ಬೋರ್ಡಿನ ಫೋಟೋ, ಸರಕಿನ ದರ ಜೊತೆಗೆ ಕಳಿಸಿದ್ದೇನೆ. ಚಹಾದ ಕಾಗದದ ಲೋಟವನ್ನೂ ಇಡಲಾ?

ಉತ್ತರ: ತಂಗಿ, ಅಂಗಡಿ ಮುಚ್ಚಬೇಡಿ. ಬಿದಿರಿನ ಬ್ರಷ್ ತರಿಸುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಓಣಿಯವರ ಪರವಾಗಿ ಒಂದು ಮಾತು. ಅವರು ನಿಮಗೆ ಸುಳ್ಳು ಹೇಳಲಿಲ್ಲ. ನೀವು ಕೇಳಿದ ಪ್ರಶ್ನೆಗೆ ಬೇರೆ ಉತ್ತರವೇ ಇರಲಿಲ್ಲ. ಪರಿಚಯದ ಹೆಣ್ಣುಮಗಳು ಬಾಗಿಲಿಗೆ ಬಂದು ‘ಪರಿಸರಕ್ಕೆ ಒಳ್ಳೇದು, ತಗೋತೀರಾ’ ಅಂದರೆ ಯಾರು ‘ಇಲ್ರಿ, ನನಗೆ ಪರಿಸರ ಬ್ಯಾಡ’ ಅಂತಾರೆ? ಚಹಾ ಕುಡಿಸಿ ಹೂಂ ಅಂದು ಕಳಿಸುತ್ತಾರೆ. ನಾನು ವರ್ಷಗಟ್ಟಲೆ ಇಲ್ಲಿನ ಹುಡುಗರಿಗೆ ಮಾರ್ಕೆಟಿಂಗ್ ಕಲಿಸಿದವನು. ಪ್ರತಿ ವರ್ಷ ಒಂದು ಗುಂಪು ‘ಹಸಿರು ವಸ್ತುಗಳ ಬಗ್ಗೆ ಗ್ರಾಹಕರ ಧೋರಣೆ’ ಅಂತ ಪ್ರಾಜೆಕ್ಟ್ ಮಾಡುತ್ತಿತ್ತು. ಪ್ರತಿ ವರ್ಷ ಅದೇ ಫಲಿತಾಂಶ: ಜನಕ್ಕೆ ಭಾರೀ ಕಾಳಜಿ ಇದೆ. ಪ್ರಾಜೆಕ್ಟ್‌ನ ಪ್ರತಿಯನ್ನು ಪ್ಲಾಸ್ಟಿಕ್ ಫೈಲಿಗೆ ಹಾಕಿ ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು.

ಮುಂದೇನು ಕೊಳ್ಳುತ್ತೀರಿ ಎಂದು ಕೇಳಬೇಡಿ. ಹೋದ ವಾರ ಏನು ಕೊಂಡಿರಿ ಎಂದು ಕೇಳಿ. ಮಾರ್ಕೆಟ್ಟಿಗೆ ಹೋದಾಗ ಕಾಯಿಪಲ್ಲೆ ಯಾವುದರಲ್ಲಿ ತಂದಿರಿ? ಮಗನ ಜಾವಳದಲ್ಲಿ ಊಟ ಯಾವ ತಾಟಿನಲ್ಲಿ ಬಡಿಸಿದಿರಿ? ಆ ತಾಟು ತಂದವರು ಯಾರು? ಈ ಕೊನೆಯ ಪ್ರಶ್ನೆಯಲ್ಲಿ ನಿಮ್ಮ ವ್ಯಾಪಾರ ಅಡಗಿದೆ. ಅದಕ್ಕೆ ಮತ್ತೆ ಬರುತ್ತೇನೆ.

ಹೇಳುವುದಕ್ಕೂ ಕೊಳ್ಳುವುದಕ್ಕೂ ನಡುವಿನ ಈ ಕಂದಕ ಕಲಬುರಗಿಯದ್ದೊಂದೇ ಅಲ್ಲ. ಐಸೆಕ್ ಐಜೆನ್ ಎಂಬ ಮನಶ್ಶಾಸ್ತ್ರಜ್ಞರು 1991ರಲ್ಲಿ ಇದಕ್ಕೊಂದು ಚೌಕಟ್ಟು ಕೊಟ್ಟರು. ಮನುಷ್ಯ ಒಂದು ಕೆಲಸ ಮಾಡಲು ಹೊರಡಬೇಕಾದರೆ ಮೂರು ವಿಷಯ ನಡೆಯುತ್ತವೆ ಅಂತ. ಅದರ ಬಗ್ಗೆ ನನಗೇನು ಅನಿಸುತ್ತದೆ, ನನ್ನವರು ಏನಂತಾರೆ, ಅದು ನನ್ನ ಕೈಲಾಗುವಂಥದ್ದಾ. ನೀವು ಮೊದಲನೆಯದನ್ನು ಮಾತ್ರ ಕೇಳಿದಿರಿ. ಸೊಸೆಗೆ ಅಂಟುವಾಳದ ಪುಡಿ ಇಷ್ಟ. ಆದರೆ ಭಾಂಡೆ ಸಾಬೂನು ಯಾವುದು ಎಂದು ಮನೆಯಲ್ಲಿ ತೀರ್ಮಾನಿಸುವುದು ಅತ್ತೆ. ಇಬ್ಬರೂ ಒಪ್ಪಿದರು ಅನ್ನಿ, ಏಪ್ರಿಲ್ ತಿಂಗಳ 42 ಡಿಗ್ರಿ ಬಿಸಿಲಿನಲ್ಲಿ ಜೇವರ್ಗಿ ರಸ್ತೆಯ ಕಡೆಯಿಂದ ನಿಮ್ಮ ಅಂಗಡಿಗೆ ಒಂದು ಪ್ಯಾಕೆಟ್ ಪುಡಿಗಾಗಿ ಯಾರು ಬರುತ್ತಾರೆ? ಓಣಿಯ ಕಿರಾಣಿ ಅಂಗಡಿ ಎದುರಿಗೇ ಇದೆ, ಉದ್ರಿ ಕೊಡುತ್ತದೆ. ನೀವು ಕೊಡ್ತೀರಾ?

ಈಗ ಅಂಟುವಾಳದ ಪುಡಿಯ ವಿಷಯಕ್ಕೇ ಬರೋಣ. ಅದರ ಪ್ಯಾಕೆಟ್ ಮೇಲೆ ‘ಭಾಂಡೆ, ಬಟ್ಟೆ, ನೆಲ ಎಲ್ಲಕ್ಕೂ’ ಎಂದು ಬರೆದಿದ್ದೀರಿ. ಅಲ್ಲೇ ತಪ್ಪಿದ್ದು. 2010ರಲ್ಲಿ ಅಮೆರಿಕದ ಕೆಲವು ಸಂಶೋಧಕರು ಒಂದು ಸಂಗತಿ ತೋರಿಸಿದರು. ವಸ್ತು ಮೃದುವಾಗಿರಬೇಕು ಎಂದು ಬಯಸುವ ಕಡೆ, ಉದಾಹರಣೆಗೆ ಮಗುವಿನ ಶಾಂಪೂ, ಜನ ಪರಿಸರಸ್ನೇಹಿ ಸರಕನ್ನು ಮೆಚ್ಚುತ್ತಾರೆ. ವಸ್ತು ಗಟ್ಟಿಯಾಗಿ ಕೆಲಸ ಮಾಡಬೇಕು ಎಂದು ಬಯಸುವ ಕಡೆ ಅದೇ ಗುಣ ಮೈನಸ್ ಆಗುತ್ತದೆ. ‘ಪರಿಸರಸ್ನೇಹಿ’ ಅಂದ ಕೂಡಲೇ ‘ಸಪ್ಪೆ, ಶಕ್ತಿ ಇಲ್ಲ’ ಅಂತ ಮನಸ್ಸು ಲೆಕ್ಕ ಹಾಕುತ್ತದೆ. ಕೈ ತೊಳೆಯುವ ಸ್ಯಾನಿಟೈಸರ್ ಇಟ್ಟೂ ನೋಡಿದರು. ಪಕ್ಕದಲ್ಲಿ ಯಾರಾದರೂ ನೋಡುತ್ತಿದ್ದರೆ ಹೆಚ್ಚು ಜನ ಹಸಿರು ಬಾಟಲಿಗೆ ಕೈ ಹಾಕಿದರು. ಯಾರೂ ಇಲ್ಲದಿದ್ದಾಗ ಆ ಒಲವು ಇಳಿಯಿತು.

ನಮ್ಮ ಮನೆಗಳಲ್ಲಿ ನೊರೆಯೇ ಶಕ್ತಿ. ರೊಟ್ಟಿ ಬಡಿದ ಪರಾತ, ಶೇಂಗಾ ಎಣ್ಣೆಯ ಬಾಣಲೆ ತಿಕ್ಕುವಾಗ ನೊರೆ ಬರದಿದ್ದರೆ ತೊಳೆದ ಸಮಾಧಾನವೇ ಇಲ್ಲ. ಅಂಟುವಾಳ ಅಲ್ಲಿ ಸೋಲುತ್ತದೆ. ಆದರೆ ಅದೇ ಅಂಟುವಾಳದಲ್ಲಿ ನಮ್ಮ ಅಜ್ಜಿಯರು ರೇಷ್ಮೆ ಸೀರೆ ತೊಳೆದರು, ಅಕ್ಕಸಾಲಿಗರು ಚಿನ್ನ ತೊಳೆದರು. ಯಾಕೆ? ಅದು ಮೃದು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸಾಬೂನು ಬಿಡುವ ಬಿಳಿ ಜಿಡ್ಡನ್ನು ಅದು ಬಿಡುವುದಿಲ್ಲ. ಹಾಗಾಗಿ ಪ್ಯಾಕೆಟ್ ಸಣ್ಣದು ಮಾಡಿ. ‘ಇಳಕಲ್, ರೇಷ್ಮೆ ಸೀರೆಗೆ. ಬಂಗಾರ, ಬೆಳ್ಳಿಗೆ’ ಎಂದು ಬರೆಯಿರಿ. ಪರಿಸರದ ಮಾತನ್ನೇ ಎತ್ತಬೇಡಿ. ಹತ್ತು ಸಾವಿರದ ಸೀರೆ ಇರುವವರು ಐವತ್ತು ರೂಪಾಯಿಯ ಪುಡಿಗೆ ಚೌಕಾಸಿ ಮಾಡುವುದಿಲ್ಲ.

ಬೆಲೆ ಇಳಿಸಲಾ ಎಂದು ಕೇಳಿದಿರಿ. ಬೇಡ. ಜನ ಬೆಲೆ ನೋಡುತ್ತಾರೆ ನಿಜ, ಆದರೆ ಬೆಲೆಯನ್ನು ಏನಕ್ಕೆ ಹೋಲಿಸುತ್ತಾರೆ ಅನ್ನುವುದು ಮುಖ್ಯ. ಕಡಿಮೆ ಕರೆಂಟು ಎಳೆಯುವ ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಹಳೆ ಫ್ಯಾನ್ 75 ವ್ಯಾಟ್ ಎಳೆದರೆ ಇದು 30ರ ಆಸುಪಾಸು. ನಮ್ಮ ಊರಿನ ಸೆಖೆಗೆ ವರ್ಷದಲ್ಲಿ ಒಂಬತ್ತು ತಿಂಗಳು, ದಿನಕ್ಕೆ 14 ತಾಸು ತಿರುಗಿಸಿದರೆ 170 ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ ವರ್ಷಕ್ಕೆ ಸಾವಿರ. ಎರಡು ವರ್ಷದೊಳಗೆ ಹೆಚ್ಚಿನ ರೊಕ್ಕ ವಾಪಸ್. ಇಷ್ಟು ನೇರ ಲೆಕ್ಕ ಇದ್ದರೂ ಅದನ್ನು ಕೊಳ್ಳದ ಮನೆಗಳು ಬೇಕಾದಷ್ಟಿವೆ. ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ ಬರುವ ಮನೆಗೆ ಉಳಿತಾಯ ಕಾಣುವುದೇ ಇಲ್ಲ. ಅದೇ ಮನೆಗೆ ‘ಬೇಸಿಗೆಯಲ್ಲಿ ಕೂಲರ್ ಜೊತೆ ಸೇರಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮ ತಲೆ ಮೇಲೆ’ ಎಂದು ಹೇಳಿ ನೋಡಿ. ತಕ್ಷಣ ಕಿವಿ ನೆಟ್ಟಗಾಗುತ್ತದೆ. ಫ್ಯಾನೂ ಅದೇ, ಬೆಲೆಯೂ ಅದೇ. ಹೇಳಿದ ಕಾರಣ ಬೇರೆ.

ಕೂಲರ್ ಅಂದೆನಲ್ಲ, ನಿಮ್ಮ ‘ಕಾಳಜಿ ಇಲ್ವಾ’ ಅನ್ನುವ ಪ್ರಶ್ನೆಗೆ ಅದರಲ್ಲೇ ಉತ್ತರ ಇದೆ. ಮಾರ್ಚ್ ಬಂದರೆ ನಮ್ಮೂರಿನ ಸೂಪರ್ ಮಾರ್ಕೆಟ್ ಪೇಟೆಯ ಕಡೆ ಒಂದು ಸುತ್ತು ಹಾಕಿ. ಕೂಲರ್ ಕೊಳ್ಳುವವರು, ಹುಲ್ಲಿನ ಪ್ಯಾಡ್ ಬದಲಾಯಿಸುವವರು, ಲಾವಂಚದ ಬೇರು ಕೇಳುವವರು. ಒಂದೂವರೆ ಟನ್ನಿನ ಎಸಿ 1,500 ವ್ಯಾಟ್ ಹತ್ತಿರ ಎಳೆಯುತ್ತದೆ. ಮನೆಯ ಕೂಲರ್ 200 ವ್ಯಾಟಿನ ಒಳಗೇ ಮುಗಿಸುತ್ತದೆ. ನಮ್ಮದು ಒಣ ಬಿಸಿಲು, ನೀರು ಬೇಗ ಆವಿಯಾಗುತ್ತದೆ, ಅದಕ್ಕೇ ಕರಾವಳಿಯಲ್ಲಿ ನಡೆಯದ ಕೂಲರ್ ಇಲ್ಲಿ ಮಳೆಗಾಲದವರೆಗೂ ನಡೆಯುತ್ತದೆ. ರಸ್ತೆ ಬದಿಯಲ್ಲಿ ಮಣ್ಣಿನ ಗಡಿಗೆ ಸಾಲಾಗಿ ಕೂತಿರುತ್ತವೆ. ಗಿರಾಕಿ ಬೆರಳಿನಿಂದ ಟಣ್ ಎನಿಸಿ, ಸದ್ದು ಕೇಳಿ, ಚೌಕಾಸಿ ಮಾಡಿ ಒಯ್ಯುತ್ತಾರೆ. ಹಳೆ ಸೀರೆಗಳನ್ನು ಕೊಟ್ಟು ಕೌದಿ ಹೊಲಿಸುತ್ತಾರೆ. ರದ್ದಿ, ಖಾಲಿ ಬಾಟಲಿ ಕೂಡಿಸಿಟ್ಟು ಗುಜರಿಯವನಿಗೆ ತೂಗಿ ಕೊಡುತ್ತಾರೆ.

ಇವರಲ್ಲಿ ಒಬ್ಬರೂ ‘ಪರಿಸರ’ ಎಂಬ ಶಬ್ದ ಬಳಸುವುದಿಲ್ಲ. ಗಡಿಗೆ ಕೊಳ್ಳುವುದು ನೀರು ತಣ್ಣಗಾಗಲು. ಕೌದಿ ಹೊಲಿಸುವುದು ಬೆಚ್ಚಗಿರಲು, ಅವ್ವನ ಸೀರೆ ಕಣ್ಣೆದುರು ಇರಲು. ಈ ಊರಿನ ಅತಿ ಹಸಿರು ಖರೀದಿಗಳೆಲ್ಲ ಆ ಹೆಸರಿಲ್ಲದೆ ನಡೆಯುತ್ತಿವೆ. ನೀವು ಆ ಹೆಸರನ್ನೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸಿದ್ದೀರಿ. ಓದಿದವರಿಗೆ ಅನಿಸುವುದು ಒಂದೇ: ‘ಇಲ್ಲಿ ತುಟ್ಟಿ ಇರ್ತದ.’ ಇದು ನನ್ನ ಅಂದಾಜು, ಆದರೆ ಬಹಳ ವರ್ಷ ಗಿರಾಕಿಗಳ ಮುಖ ನೋಡಿ ಬಂದ ಅಂದಾಜು.

ಬಟ್ಟೆ ಚೀಲದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. 2016ರ ಮಾರ್ಚ್‌ನಲ್ಲೇ ನಮ್ಮ ರಾಜ್ಯ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ಎಷ್ಟೇ ದಪ್ಪ ಇರಲಿ ಬೇಡ ಅಂದಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ತಾಟು, ಲೋಟ, ಚಮಚ, ಸ್ಟ್ರಾಗಳನ್ನು ಕೇಂದ್ರ ದೇಶಾದ್ಯಂತ ನಿಲ್ಲಿಸಿತು. ಆದರೂ ಕಾಯಿಪಲ್ಲೆ ಬಂಡಿಯಲ್ಲಿ ಕವರ್ ಇದೆ. ದಾಳಿ ಆದ ವಾರ ಕವರ್ ಬಂಡಿಯ ಕೆಳಗೆ, ಮುಂದಿನ ವಾರ ಬಂಡಿಯ ಮೇಲೆ. ಬಂಡಿಯವನನ್ನು ಬೈದು ಪ್ರಯೋಜನ ಇಲ್ಲ. ಅವನು ಕೊಡದಿದ್ದರೆ ಗಿರಾಕಿ ಪಕ್ಕದ ಬಂಡಿಗೆ ಹೋಗುತ್ತಾರೆ.

ನಡುವೆ ಇನ್ನೊಂದು ಮೋಸ ಇದೆ. ಬಟ್ಟೆ ಥರ ಕಾಣುವ, ಬಣ್ಣ ಬಣ್ಣದ, ಬಟ್ಟೆ ಅಂಗಡಿಯವರು ಕೊಡುವ ಚೀಲ. ಅದು ಬಟ್ಟೆ ಅಲ್ಲ, ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಅದರಲ್ಲಿ ಚದರ ಮೀಟರಿಗೆ 60 ಗ್ರಾಮಿಗಿಂತ ತೆಳುವಾದದ್ದಕ್ಕೆ 2021ರ ಸೆಪ್ಟೆಂಬರ್ 30ರಿಂದ ನಿಷೇಧ. ನಿಮ್ಮ ಅಂಗಡಿಯ ಎರಡನೇ ಸಾಲಿನಲ್ಲಿ ಇರುವ ನೀಲಿ ಚೀಲಗಳು, ನೀವು ಕಳಿಸಿದ ಫೋಟೋ ನೋಡಿದರೆ, ಅದೇ ಜಾತಿ ಅನಿಸುತ್ತದೆ. ಅಂಚಿನಿಂದ ಒಂದು ಚೂರು ಕತ್ತರಿಸಿ ಚಿಮಟದಲ್ಲಿ ಹಿಡಿದು ಕಡ್ಡಿ ಗೀರಿ. ಹತ್ತಿ ಆದರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಆಗುತ್ತದೆ. ಕರಗಿ ಗಟ್ಟಿ ಮಣಿ ಆದರೆ ಸರಕು ಕೊಟ್ಟವನಿಗೆ ವಾಪಸ್ ಕಳಿಸಿ.

ಹಾಗಂತ ಹೊಸ ಹತ್ತಿ ಚೀಲ ದೇವರ ಪ್ರಸಾದವೂ ಅಲ್ಲ. ಡೆನ್ಮಾರ್ಕ್‌ನ ಪರಿಸರ ಇಲಾಖೆ 2018ರಲ್ಲಿ ಲೆಕ್ಕ ಹಾಕಿಸಿತು. ಒಂದು ಸಾಮಾನ್ಯ ಹತ್ತಿ ಚೀಲ ಹವಾಮಾನದ ಮಟ್ಟಿಗೆ ಒಂದು ಪ್ಲಾಸ್ಟಿಕ್ ಚೀಲಕ್ಕೆ ಸರಿಸಮ ಆಗಬೇಕಾದರೆ 52 ಸಲ ಬಳಸಬೇಕು. ನೀರು, ಓಝೋನ್, ಇತರ ಎಲ್ಲ ಹಾನಿಗಳನ್ನೂ ಸೇರಿಸಿ ಹಿಡಿದರೆ 7,100 ಸಲ. ಅಲ್ಲಿನ ಕಸದ ವ್ಯವಸ್ಥೆ ಬೇರೆ, ಚೀಲ ಚರಂಡಿಗೆ ಬೀಳುವುದನ್ನು, ದನ ತಿನ್ನುವುದನ್ನು ಆ ಲೆಕ್ಕ ಹಿಡಿದಿಲ್ಲ, ಆದ್ದರಿಂದ ಸಂಖ್ಯೆಯನ್ನು ಹಾಗೇ ನಮ್ಮೂರಿಗೆ ತರಲಾಗದು. ಆದರೂ ನನ್ನ ಮನೆಯ ಬಾಗಿಲ ಹಿಂದೆ ಮೊಳೆಗೆ ತೂಗುಬಿದ್ದ ಹನ್ನೊಂದು ಬಟ್ಟೆ ಚೀಲ ನೋಡಿದಾಗ ನಾಚಿಕೆ ಆಗುತ್ತದೆ. ಸೆಮಿನಾರಿನವು, ಮದುವೆಯಲ್ಲಿ ತೆಂಗಿನಕಾಯಿ ಹಾಕಿ ಕೊಟ್ಟವು. ಮಾರ್ಕೆಟ್ಟಿಗೆ ಹೋಗುವಾಗ ಮಾತ್ರ ಹನ್ನೊಂದೂ ಮನೆಯಲ್ಲೇ ಇರುತ್ತವೆ.

ಸಮಸ್ಯೆ ಚೀಲ ಇಲ್ಲದ್ದಲ್ಲ, ಮರೆವು. ಹಿರಿಯರನ್ನು ನೋಡಿ. ಪಿಶವಿ, ಅಂದರೆ ಕೈಚೀಲ, ಇಲ್ಲದೆ ಹೊಸ್ತಿಲು ದಾಟುವುದಿಲ್ಲ, ಮೈಯಲ್ಲೇ ಕೂತ ಅಭ್ಯಾಸ. ಕಾಲೇಜಿನ ಹುಡುಗಿಯರು ಪರಿಸರದ ಬಗ್ಗೆ ಚೆಂದ ಮಾತಾಡುತ್ತಾರೆ, ಪಿಶವಿ ಹಿಡಿಯಲು ನಾಚುತ್ತಾರೆ. ಹಾಗಾಗಿ ಎಲೆಯ ಚಿತ್ರ ಬರೆದ 120 ರೂಪಾಯಿಯ ಚೀಲ ಬಿಟ್ಟುಬಿಡಿ. ಹಳೆ ಸೀರೆ, ಟೇಲರ್ ಅಂಗಡಿಯ ಉಳಿಕೆ ಬಟ್ಟೆಯಿಂದ ಹೊಲಿಸಿ. ಮಡಚಿದರೆ ಸ್ಕೂಟರ್ ಡಿಕ್ಕಿಯ ಮೂಲೆಯಲ್ಲಿ ಕೂರಬೇಕು. ಐದು ಕೆಜಿ ಜೋಳ ಹಾಕಿದರೆ ಹಿಡಿಕೆ ಕಿತ್ತು ಬರಬಾರದು. ಇದೇ ಪಿಶವಿಗಳನ್ನು ನಿಮ್ಮ ಓಣಿಯ ಎರಡು ಕಿರಾಣಿ ಅಂಗಡಿಯಲ್ಲಿ ಇಡಿ. 20 ರೂಪಾಯಿ ಠೇವಣಿ, ತಂದುಕೊಟ್ಟರೆ ವಾಪಸ್. ಮರೆತು ಬಂದವರಿಗೆ ಕವರ್ ಬದಲು ಇದು ಕೈಗೆ ಸಿಗಲಿ.

ಇನ್ನು ಪತ್ರಾವಳಿ. ನಿಮ್ಮ ಅಂಗಡಿಯಲ್ಲಿ ನಿಜವಾದ ವ್ಯಾಪಾರ ಇರುವುದು ಇದರಲ್ಲಿ ಅಂತ ನನಗೆ ಅನಿಸುತ್ತದೆ. ನಿಮ್ಮ ಎಲೆ ತಾಟು 4 ರೂಪಾಯಿ, ಹೊಳೆಯುವ ಕಾಗದದ ತಾಟು ಎರಡೂವರೆ ಎಂದು ಬರೆದಿದ್ದೀರಿ. 600 ಜನರ ಮದುವೆಗೆ ವ್ಯತ್ಯಾಸ 900 ರೂಪಾಯಿ. ಮಂಟಪದ ಹೂವಿನ ಖರ್ಚಿನ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಹಾಗಾದರೆ ಯಾಕೆ ಹೋಗುತ್ತಿಲ್ಲ? ಯಾಕೆಂದರೆ ಹುಡುಗಿಯ ಅಪ್ಪ ತಾಟು ಕೊಳ್ಳುವುದೇ ಇಲ್ಲ. ಅಡುಗೆ ಹಿಡಿದವನು ತಾಟಿಗಿಷ್ಟು ಎಂದು ಗುತ್ತಿಗೆ ಹಿಡಿದು ತಾನೇ ತರುತ್ತಾನೆ. ನೀವು ಇಷ್ಟು ದಿನ ಓಣಿಯ ಹೆಂಗಸರ ಮನಸ್ಸು ಗೆದ್ದಿರಿ. ತಾಟಿನ ಗಿರಾಕಿ ಅವರಲ್ಲ.

ಅಡುಗೆಯವನಿಗೆ ಪರಿಸರದ ಪಾಠ ಬೇಡ. ಅವನ ಭಯ ಬೇರೆ. ಸಾರು ಸೋರಿ ಬೀಗರ ಪಂಚೆ ಮೇಲೆ ಬಿದ್ದರೆ ಮರ್ಯಾದೆ ಹೋಯಿತು. ಆ ಭಯ ತೆಗೆಯಿರಿ. ಎರಡು ಪದರ ಒತ್ತಿದ ತಾಟು ತರಿಸಿ. ಅವನ ಎದುರಿಗೇ ಕುದಿಯುವ ತೊಗರಿ ಬೇಳೆ ಸಾರು ಹಾಕಿ ಅರ್ಧ ತಾಸು ಇಡಿ. ಸೋರಿದರೆ ನಿಮ್ಮ ಸರಕು ಸರಿಯಿಲ್ಲ, ಬದಲಿಸಿ. ಸೋರದಿದ್ದರೆ ಮೊದಲ ಮದುವೆಗೆ ಕಾಗದದ ತಾಟಿನ ದರದಲ್ಲೇ ಕೊಡಿ. ಇಲ್ಲಿ ಮಾತ್ರ ಬೆಲೆ ಇಳಿಸಬಹುದು, ಒಂದೇ ಸಲ. ಒಂದು ಪಂಗತಿಯಲ್ಲಿ ಇನ್ನೂರು ಜನ ನೋಡುತ್ತಾರೆ. ಹಿರಿಯರು ‘ಎಷ್ಟ್ ದಿನ ಆಯ್ತು ಎಲಿ ಮ್ಯಾಲ ಉಂಡು’ ಅಂತಾರೆ. ಅದಕ್ಕಿಂತ ದೊಡ್ಡ ಜಾಹೀರಾತು ಇಲ್ಲ.

ಬೇರೆಯವರು ಮಾಡುತ್ತಾರೆ ಎಂಬುದು ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ 2008ರಲ್ಲಿ ಪ್ರಕಟವಾದ ಒಂದು ಹೋಟೆಲ್ ಪ್ರಯೋಗ ಇದೆ. ಟವೆಲ್ ಮತ್ತೆ ಬಳಸಿ, ಪರಿಸರ ಉಳಿಸಿ ಎಂಬ ಚೀಟಿ ಇಟ್ಟ ಕೋಣೆಗಳಲ್ಲಿ ನೂರಕ್ಕೆ 35ರಷ್ಟು ಜನ ಒಪ್ಪಿದರು. ‘ಇಲ್ಲಿ ಉಳಿದವರಲ್ಲಿ ಹೆಚ್ಚಿನವರು ಟವೆಲ್ ಮತ್ತೆ ಬಳಸಿದ್ದಾರೆ’ ಎಂದು ಬರೆದಾಗ 44. ಇನ್ನೊಂದು ಸುತ್ತಿನಲ್ಲಿ ‘ಇದೇ ಕೋಣೆಯಲ್ಲಿ ಉಳಿದವರು’ ಎಂದಾಗ 49. ಎಷ್ಟು ಹತ್ತಿರದವರೋ ಅಷ್ಟು ಪರಿಣಾಮ. ಆದ್ದರಿಂದ ‘ಭೂಮಿ ಉಳಿಸಿ’ ಬೋರ್ಡ್ ಇಳಿಸಿ, ‘ಈ ತಿಂಗಳು ಬ್ರಹ್ಮಪುರದ ಇಷ್ಟು ಮನೆಯ ಕಾರ್ಯದಲ್ಲಿ ಎಲೆ ಊಟ’ ಎಂದು ಬರೆಯಿರಿ. ಸಂಖ್ಯೆ ಮೂರೇ ಇದ್ದರೂ ಮೂರು ಅಂತಲೇ ಬರೆಯಿರಿ. ಸುಳ್ಳು ಬರೆದರೆ ಓಣಿಯಲ್ಲಿ ಸಂಜೆಯೊಳಗೆ ಗೊತ್ತಾಗುತ್ತದೆ.

ಚಹಾದ ಕಾಗದದ ಲೋಟ ಇಡಲಾ ಎಂದು ಪತ್ರದ ಕೊನೆಗೆ ಕೇಳಿದ್ದಿರಿ. ಬೇಡ. ಅದರ ಒಳಮೈಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಖರಗ್‌ಪುರ ಐಐಟಿಯವರು 2020ರಲ್ಲಿ ನೋಡಿದಾಗ, 100 ಮಿಲಿ ಬಿಸಿ ನೀರಿಗೆ ಹದಿನೈದು ನಿಮಿಷದಲ್ಲಿ ಸುಮಾರು 25,000 ಸೂಕ್ಷ್ಮ ಕಣಗಳು ಸೇರಿದ್ದವು. ಗಾಜಿನ ಲೋಟ ಸಾಕು.

ಸಾವಯವ ತೊಗರಿ ಬೇಳೆಯಲ್ಲಿ ಸಮಸ್ಯೆ ನಂಬಿಕೆಯದು. ಕಲಬುರಗಿಯವರಿಗೆ ತೊಗರಿ ಮಾರುವುದೆಂದರೆ ಅಕ್ಕಸಾಲಿಗನಿಗೆ ಚಿನ್ನ ಮಾರಿದ ಹಾಗೆ. 2019ರಲ್ಲಿ ಜಿಐ ಪಟ್ಟ, ಅಂದರೆ ಈ ಸೀಮೆಯದೇ ಎಂಬ ಸರ್ಕಾರಿ ಗುರುತು, ಸಿಕ್ಕ ಬೇಳೆ ನಮ್ಮದು. ಅರ್ಧ ಊರಿಗೆ ಹೊಲದಿಂದ ಚೀಲಗಟ್ಟಲೆ ಬರುತ್ತದೆ. ‘ಎಣ್ಣಿ (ಕೀಟನಾಶಕ) ಹೊಡೀದೆ ತೊಗರಿ ಹೆಂಗ್ ಬರ್ತದ್ರಿ, ಹುಳ ಬಿಡ್ತದೇನು?’ ಎಂದು ಕೇಳುವವರು ಅಡ್ಡಪ್ರಶ್ನೆ ಹಾಕುತ್ತಿಲ್ಲ, ಕಾಯಿಕೊರಕದ ಕಾಟ ಕಂಡವರು. ಅವರಿಗೆ ಉತ್ತರ ಬೇಕು. ಪೊಟ್ಟಣದ ಮೇಲೆ ಸರ್ಕಾರದ ಸಾವಯವ ಗುರುತು, ‘ಜೈವಿಕ್ ಭಾರತ್’ನಂಥದ್ದು, ಇದೆಯಾ? ಗುಂಪಿನ ರೈತರು ಒಬ್ಬರ ಹೊಲ ಒಬ್ಬರು ಪರೀಕ್ಷಿಸುವ ಪಿಜಿಎಸ್ ಪ್ರಮಾಣಪತ್ರ ಇದೆಯಾ? ಪಿಜಿಎಸ್‌ನಲ್ಲೂ ‘ಗ್ರೀನ್’ ಅಂದರೆ ಇನ್ನೂ ಬದಲಾಗುತ್ತಿರುವ ಹೊಲ, ‘ಆರ್ಗ್ಯಾನಿಕ್’ ಅಂದರೆ ಪೂರ್ತಿ ಬದಲಾದ ಹೊಲ. ಯಾವುದೂ ಇಲ್ಲದಿದ್ದರೆ ‘ಸಾವಯವ’ ಎಂಬ ಪದ ತೆಗೆದು, ಯಾವ ಊರಿನ ಬೇಳೆ, ಯಾವ ಸುಗ್ಗಿಯದು, ಎಷ್ಟು ಸೀಟಿಗೆ ಬೇಯುತ್ತದೆ ಎಂದು ಬರೆಯಿರಿ. ಬೇಳೆ ಕೊಳ್ಳುವವರು ನೋಡುವುದು ಕೊನೆಯದನ್ನೇ.

ಇದು ಬರೀ ವ್ಯಾಪಾರದ ಸಲಹೆ ಅಲ್ಲ, ಕಾನೂನೂ ಹೌದು. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹಸಿರು ಸೋಗಿನ ವಿರುದ್ಧ ಮಾರ್ಗಸೂಚಿ ತಂದಿದೆ. ‘ಪರಿಸರಸ್ನೇಹಿ’, ‘ನೈಸರ್ಗಿಕ’, ‘ಶುದ್ಧ’ ಎಂದು ಹಾರಿಸಿ ಹೇಳುವಂತಿಲ್ಲ, ಯಾವ ವಿಷಯದಲ್ಲಿ ಎಂದು ಬಿಡಿಸಿ ಹೇಳಬೇಕು, ಕೈಲಿ ಪುರಾವೆ ಇರಬೇಕು. ನಿಮ್ಮ ಬೋರ್ಡಿನ ‘ನೂರಕ್ಕೆ ನೂರು ಪರಿಸರಸ್ನೇಹಿ’ಗೆ ಪುರಾವೆ ಎಲ್ಲಿಂದ ತರುತ್ತೀರಿ? ಬೆಂಗಳೂರಿನ ಸಗಟು ವ್ಯಾಪಾರಿ ‘ಮಣ್ಣಿನಲ್ಲಿ ಕರಗುವ ಕವರ್’ ತೋರಿಸಿದ ಎಂದು ಬರೆದಿದ್ದೀರಿ. ಅದರ ಮೇಲೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ ಕೇಳಿ. ಸಂಖ್ಯೆ ಇದ್ದರೂ ಅದು ಕರಗುವುದು ಸರಿಯಾದ ಬಿಸಿ, ತೇವ ಇರುವ ಗೊಬ್ಬರದ ಘಟಕದಲ್ಲಿ. ಅಪ್ಪನ ಕೆರೆಯ ದಂಡೆಯಲ್ಲಿ ಅದೂ ಕವರೇ.

ಕೊನೆಗೆ ಬ್ರಷ್. ಪ್ಲಾಸ್ಟಿಕ್ ಬ್ರಷ್ 25 ರೂಪಾಯಿ, ನಿಮ್ಮದು 90. ಹಿಡಿಕೆ ಬಿದಿರು, ಕೂದಲು ಸಾಮಾನ್ಯವಾಗಿ ನೈಲಾನೇ. ಹಲ್ಲು ಹೆಚ್ಚು ಬೆಳ್ಳಗಾಗುವುದಿಲ್ಲ. ಬಚ್ಚಲಿನಲ್ಲಿ ಒಬ್ಬರೇ ಬಳಸುವ ವಸ್ತು, ನಾಲ್ಕು ಜನ ನೋಡಿ ಕೇಳುವ ಹಾಗೂ ಇಲ್ಲ. ಒದ್ದೆ ಇದ್ದರೆ ಕಪ್ಪು ಬೂಷ್ಟು. ಕೊಳ್ಳುವವರಿಗೆ ಪರಿಸರ ಬಿಟ್ಟು ಬೇರೆ ಕಾರಣವೇ ಇಲ್ಲದ ಏಕೈಕ ಸರಕು ನಿಮ್ಮ ಅಂಗಡಿಯಲ್ಲಿ ಅದೊಂದೇ. ಉಳಿದಿರುವ ಎರಡು ಡಬ್ಬಿಯನ್ನು ತಾಟಿನ ದೊಡ್ಡ ಆರ್ಡರ್ ಕೊಟ್ಟವರಿಗೆ ಸುಮ್ನೆ ಕೊಟ್ಟುಬಿಡಿ. ಮೂರು ತಿಂಗಳ ಮೇಲೆ ಯಾರಾದರೂ ‘ಆ ಬ್ರಷ್ ಇನ್ನೂ ಅದಾವೇನ್ರಿ’ ಎಂದು ಕೇಳಿಕೊಂಡು ಬಂದರೆ, ಅವರ ಹೆಸರು ಬರೆದಿಟ್ಟುಕೊಂಡು ಆಮೇಲೆ ತರಿಸಿ.